ಸಿಲಿಂಡರ್ ತಂದವನ ಮೂಗು

"ಅಕ್ಕಾರ, ನಿಮಗ ವಾಸನಿ ಬರವಲ್ದೇನ್ರಿ?"

ಗ್ಯಾಸ್ ಸಿಲಿಂಡರನ್ನು ಹೆಗಲಿನಿಂದ ಇಳಿಸುತ್ತಾ ಆತ ಕೇಳಿದ. ವಿಜಯಪುರದ ಕಡೆಯವನಂತೆ. ನಾನು ನಾಯಿಯ ಹತ್ತಿರ ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದದ್ದೇ ಹಿಂದಿ ಬಿಟ್ಟಿದ್ದ.

ಮುಂಬೈ ಹತ್ತಿರದ ಈ ಡೊಂಬಿವಲಿ ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಗಳ ನಡುವೆ ವಾಸನೆಗೇನು ಬರವೇ? ಇಲ್ಲಿ ನನ್ನ ಮೂಗು ಸತ್ತು ಎಷ್ಟೋ ವರ್ಷವಾಗಿದೆ. ಫ್ಯಾಕ್ಟರಿಯದ್ದಿರಬೇಕು ಎಂದೆ.

"ಅಲ್ರೀ. ನಮ್ಮ ಎತ್ತಿನ ಹೆಗಲ ಹುಣ್ಣಿನ್ಯಾಗ ಕೀವು ತುಂಬಿದಾಗ ಹಿಂಗ ನಾರ್ತಿತ್ತು. ನಾಯೀನ ನೋಡ್ರಿ."

ನಮ್ಮ ಬೊಗ್ಗನಿಗೆ ಸಂತಾನಹರಣ ಆಪರೇಷನ್ ಮಾಡಿಸಿ ಐದು ದಿನವಾಗಿತ್ತು. ಎರಡು ದಿನಗಳಿಂದ ಅವನು ಅನ್ನ ಮುಟ್ಟಿರಲಿಲ್ಲ, ಕರೆದರೆ ಮಂಚದಡಿಯಿಂದ ಹೊರಗೆ ಬರುತ್ತಿರಲಿಲ್ಲ. ಆಪರೇಷನ್ ಮಾಡಿಸಿದ್ದಕ್ಕೆ ನನ್ನ ಮೇಲೆ ಮುನಿಸು ಎಂದುಕೊಂಡಿದ್ದೆ. ದೂರದಿಂದಲೇ ತಪ್ಪಾಯಿತು ಮಾರಾಯ ಎನ್ನುತ್ತಾ, ಮುಟ್ಟದೆ ಬಿಟ್ಟಿದ್ದೆ.

ಆತ ಮೆಲ್ಲಗೆ ಬೊಗ್ಗನನ್ನು ಹೊರಗೆಳೆದು ಹಿಂಗಾಲು ಸರಿಸಿದ. ಹೊಲಿಗೆಯ ಸುತ್ತ ಕೆಂಪಗೆ ಊದಿ ಹಳದಿ ಕೀವು ಜಿನುಗುತ್ತಿತ್ತು. ಮೈ ಕಾದ ಕಾವಲಿಯಂತಿತ್ತು. ಆಟೋ ಹಿಡಿದು ಓಡಿದೆ. ಸೋಂಕು ತಗುಲಿ ಜ್ವರ ಬಂದಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು.

ಬೊಗ್ಗ ಈಗ ಹುಷಾರಾಗಿದ್ದಾನೆ. ಒಬ್ಬಳ ಅಡುಗೆಗೆ ಒಂದು ಸಿಲಿಂಡರ್ ಮೂರು ತಿಂಗಳು ಬರುತ್ತದೆ. ಅಲ್ಲಿಯವರೆಗೆ ನನ್ನ ಮನೆಯಲ್ಲಿ ಎಂಥ ವಾಸನೆ ಇದೆ ಎಂದು ಹೇಳಲು ಯಾರೂ ಬರುವುದಿಲ್ಲ.