ಎರಡು ಬಂಗುಡೆ, ಮೂರು ಕ್ಯಾಮೆರಾ

ಕಾಪುವಿನ ಸುಗಂಧಿ ಮೂವತ್ತು ವರ್ಷಗಳಿಂದ ಮೀನು ಮಾರುವವಳು. ನಸುಕಿಗೆ ಮಲ್ಪೆ ಬಂದರು, ಎಂಟು ಗಂಟೆಗೆ ಕಲ್ಯಾಣಪುರ, ಹತ್ತರ ಹೊತ್ತಿಗೆ ಮಣಿಪಾಲ. ಆ ದಾರಿಯಲ್ಲಿ ಅವಳ ಕೂಗನ್ನು ಗುರುತಿಸದ ಬೆಕ್ಕು ಒಂದೂ ಇರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕೂಗು ನಿಂತಿತು. ಬುಟ್ಟಿ ಹೊತ್ತು ಮೂರು ಮಹಡಿ ಹತ್ತಿ, "ಇವತ್ತು ಬೇಡ" ಅನ್ನಿಸಿಕೊಂಡು ಇಳಿಯುವ ಕಷ್ಟ ಇನ್ನು ಬೇಡವೆಂದು ಅವಳು ಹೊಸ ಉಪಾಯ ಮಾಡಿದಳು. ಬಂದರಿನಲ್ಲೇ ಮೀನಿನ ಫೋಟೋ ತೆಗೆಯುವುದು, ಜೊತೆಗೆ ಬರುವ ಮಗಳು ಮೋಕ್ಷಾ ಅದನ್ನು ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಕಳಿಸುವುದು, ಬೇಕೆಂದವರ ಗೇಟಿಗೆ ಮಾತ್ರ ಹೋಗುವುದು. ಆರು ವರ್ಷ ಈ ವ್ಯಾಪಾರ ಸಲೀಸಾಗಿ ನಡೆಯಿತು.

ಫೋಟೋ ತೆಗೆಯುತ್ತಿದ್ದುದು ಸುಗಂಧಿಯೇ. ಬಹರೈನಿನಲ್ಲಿದ್ದ ತಮ್ಮ ಎಂದೋ ತಂದುಕೊಟ್ಟ, ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಅವಳ ಸೊಂಟದ ಚೀಲದಲ್ಲಿರುತ್ತಿತ್ತು. ಮೀನು ಹಿಡಿದ ಒದ್ದೆ ಬೆರಳಿಗೆ ಫೋನಿನ ಗಾಜು ಜಪ್ಪಯ್ಯ ಎಂದರೂ ಜಗ್ಗದು. ಕ್ಯಾಮೆರಾದ ಗುಂಡಿಗೆ ಆ ಬಿಂಕವಿರಲಿಲ್ಲ. ಅವಳು ತೆಗೆದ ಮೇಲೆ ಮೋಕ್ಷಾ ಅದರ ಕಾರ್ಡನ್ನು ಫೋನಿಗೆ ಸಿಕ್ಕಿಸಿ ಫೋಟೋ ಕಳಿಸಿ, ಮಣಿಪಾಲದ ತನ್ನ ಆಫೀಸಿಗೆ ಹೋಗುತ್ತಿದ್ದಳು.

ಹಿಂದಿನ ದಿನ ಉಳಿದ ಮೀನನ್ನೂ ಸುಗಂಧಿ ಮಾರುತ್ತಿದ್ದಳು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಮಂಜುಗಡ್ಡೆಯಲ್ಲಿಟ್ಟ ಮೀನು ಕೆಟ್ಟದ್ದಲ್ಲ, ಆದರೆ ಇವತ್ತಿನದ್ದೂ ಅಲ್ಲ. ಕಣ್ಣು ಸ್ವಲ್ಪ ಮಂಕಾಗಿರುತ್ತದೆ, ಕಿವಿರಿನ ಕೆಂಪು ಇಳಿದಿರುತ್ತದೆ. ಹಳೆಯ ಕ್ಯಾಮೆರಾ ಅದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಗಿರಾಕಿಗಳು ಫೋಟೋ ನೋಡಿಯೇ ತಿಳಿದುಕೊಳ್ಳುತ್ತಿದ್ದರು.

ಮೊನ್ನೆ ನವರಾತ್ರಿ ಕಳೆದ ಮೇಲೆ ಆ ಕ್ಯಾಮೆರಾ ಮುಷ್ಕರ ಹೂಡಿತು. ಉಪ್ಪುನೀರು ಎಲ್ಲಿ ಹೊಕ್ಕಿತೋ, ಮೂತಿಯನ್ನು ಅರ್ಧ ಹೊರಗೆ ಚಾಚಿ ಅಲ್ಲೇ ನಿಂತಿತು. ಒಳಗೂ ಹೋಗದು, ಹೊರಗೂ ಬಾರದು. ಅಂದಿನಿಂದ ಮೋಕ್ಷಾ ತನ್ನ ಫೋನಿನಲ್ಲೇ ಫೋಟೋ ತೆಗೆದು ಕಳಿಸತೊಡಗಿದಳು.

ಕಲ್ಯಾಣಪುರದ ಶಾರ್ಲೆಟ್ ಟೀಚರ್ ಹತ್ತೊಂಬತ್ತು ವರ್ಷಗಳ ಗಿರಾಕಿ. ಬೇರೆಯವರು ಮೀನಿನ ಕಿವಿರನ್ನು ಎತ್ತಿ, ಹೊಟ್ಟೆ ಒತ್ತಿ, ಮೂಸಿ ನೋಡಿ ಕೊಳ್ಳುವಾಗ ಟೀಚರ್ ಮಾತ್ರ ಪಾತ್ರೆ ಮುಂದೆ ಹಿಡಿದು ಮಾತಾಡುತ್ತ ನಿಲ್ಲುವವರು. ಅವರು ಒಂದೇ ಒಂದು ದಿನ ಕಿವಿರು ಎತ್ತಿದ್ದಿಲ್ಲ. ಫೋನಿನ ಫೋಟೋ ಶುರುವಾದ ಮೇಲೆ ಒಂದು ದಿನ ಅವರು ಅದನ್ನು ನೋಡಿ ಇಪ್ಪತ್ತು ಬಂಗುಡೆ ಬೇಕೆಂದರು. ಹಿಂದಿನ ದಿನದ ಬಂಗುಡೆ ಅದು. ಫೋಟೋ ನೋಡಿಯೇ ಹೇಳಿದ್ದಾರಲ್ಲ, ಇನ್ನು ಹೇಳುವುದೆಂತ ಎಂದು ಸುಗಂಧಿ ಸುಮ್ಮನಿದ್ದಳು. ತಪ್ಪಾದದ್ದು ಅಲ್ಲೇ. ಫೋನು ತೆಗೆದ ಚಿತ್ರವನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ.

ಪಾತ್ರೆಗೆ ಬಿದ್ದ ಮೀನನ್ನು ಟೀಚರ್ ಒಂದು ಗಳಿಗೆ ನೋಡಿದರು. ಆಮೇಲೆ ಬೆರಳಿನಿಂದ ಒಂದು ಬಂಗುಡೆಯ ಕಿವಿರು ಎತ್ತಿದರು.

"ಫೋಟೋದಲ್ಲಿ ಹೀಗಿರಲಿಲ್ಲ ಅಲ್ವಾ ಸುಗಂಧಿ?"

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೀನನ್ನು ಹಿಂದಕ್ಕೂ ಕೊಡಲಿಲ್ಲ, ನಕ್ಕು ಒಳಗೆ ಹೋದರು. ಸುಗಂಧಿ ಗೇಟಿನ ಹೊರಗೆ ನಿಂತು ಮಗಳು ಕಳಿಸಿದ ಫೋಟೋವನ್ನು ತನ್ನ ಫೋನಿನಲ್ಲಿ ಆಗ ನೋಡಿದಳು. ಬಂಗುಡೆಗಳು ಮದುವೆಗೆ ಹೊರಟು ನಿಂತಂತಿದ್ದವು. ಕಣ್ಣು ಫಳಫಳ, ಮೈ ನೀಲಿ, ಕಿವಿರು ಕುಂಕುಮ. ಆಮೇಲೆ ಟೀಚರ್ ಮೀನು ಕೊಳ್ಳುವುದನ್ನು ಬಿಡಲಿಲ್ಲ, ಆದರೆ ಪ್ರತಿಸಲವೂ ಒಂದೊಂದರ ಕಿವಿರನ್ನೂ ಎತ್ತಿ ನೋಡತೊಡಗಿದರು. ಬೇರೆ ಯಾರು ಎತ್ತಿದರೂ ಸುಗಂಧಿಗೆ ಏನೂ ಅನ್ನಿಸದು. ಅವರು ಎತ್ತಿದಾಗ ಮಾತ್ರ ಅವಳು ಮುಖ ತಿರುಗಿಸಿ ಬುಟ್ಟಿಯಲ್ಲಿ ಏನೋ ಹುಡುಕುತ್ತಿದ್ದಳು.

ಫೋನಿನದ್ದೂ ಒಂದು ಬಗೆಯ ಒಳ್ಳೆಯತನವೇ ಇರಬಹುದು. ಯಾರ ಮನಸ್ಸೂ ನೋಯಬಾರದೆಂದು ಎಲ್ಲರನ್ನೂ ಬೆಳ್ಳಗೆ, ಎಲ್ಲವನ್ನೂ ಹೊಸತಾಗಿ ತೋರಿಸುವ ಒಳ್ಳೆಯತನ. ಮದುವೆಮನೆಗೆ ಅದು ಸರಿ. ಮೀನಿನ ಬುಟ್ಟಿಗೆ ಆಗುವುದಿಲ್ಲ.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಹೊಸ ಕ್ಯಾಮೆರಾ ಕೊಳ್ಳಲೆಂದು ತಾಯಿ ಮಗಳು ಕಡಿಯಾಳಿಯ ಬೆಂಜಮಿನ್ನರ ಸ್ಟುಡಿಯೋಗೆ ಹೋದರು. ಬೆಂಜಮಿನ್ ಪಾಸ್‌ಪೋರ್ಟ್ ಫೋಟೋ ತೆಗೆಯುವವರು, ಕ್ಯಾಮೆರಾವನ್ನೂ ಮಾರುವವರು. ಸುಗಂಧಿ ಚೀಲದಿಂದ ತೇಗದ ಎಲೆಯ ಎರಡು ಪೊಟ್ಟಣ ತೆಗೆದು ಗಾಜಿನ ಮೇಜಿನ ಮೇಲೆ ಬಿಚ್ಚಿದಳು. ಎರಡು ಬಂಗುಡೆ. ಮೋಕ್ಷಾಗೆ ನಾಚಿಕೆಯಿಂದ ಎಲ್ಲಿ ನಿಲ್ಲುವುದೆಂದು ತಿಳಿಯಲಿಲ್ಲ. ಬೆಂಜಮಿನ್ ಮೀನು ತಿನ್ನುವವರೇ, ಆದರೆ ಅಂಗಡಿಗೆ ಗಿರಾಕಿಯ ಜೊತೆ ಮೀನು ಬಂದದ್ದನ್ನು ನೋಡಿದ್ದು ಇದೇ ಮೊದಲು.

"ಎಂತ ಇದು ಮಾರಾಯ್ತಿ?"

"ಒಂದು ಇವತ್ತಿನದ್ದು, ಒಂದು ನಿನ್ನೆಯದ್ದು. ನಾನು ಆಚೆ ತಿರುಗಿ ನಿಲ್ಲುತ್ತೇನೆ. ನೀವು ಅದಲುಬದಲು ಮಾಡಿ ಫೋಟೋ ತೆಗೆಯಿರಿ. ಫೋಟೋ ನೋಡಿ ಯಾವುದು ನಿನ್ನೆಯದ್ದು ಅಂತ ಗೊತ್ತಾಗಬೇಕು."

"ಕೆಳಗೆ ನಿನ್ನೆಯದ್ದು ಅಂತ ಬರೆದರೆ ಆಯ್ತಲ್ಲ?"

"ಬರೆದರೆ ನನ್ನ ಮಾತು ನಂಬಬೇಕು. ಈಗ ಹೋದದ್ದು ಆ ನಂಬಿಕೆಯೇ ಅಲ್ವಾ?"

ಬೆಂಜಮಿನ್ ಮೀನಿನ ವಾಸನೆಗೆ ಫ್ಯಾನು ಜೋರು ಮಾಡಿ, ಒಂದೊಂದೇ ಕ್ಯಾಮೆರಾ ಹೊರತೆಗೆದರು.

ಮೊದಲನೆಯದು ಉದ್ದ ಮೂತಿಯದ್ದು. ಎದುರು ರಸ್ತೆಯ ಬೋರ್ಡಿನ ಅಕ್ಷರವನ್ನೂ ಹತ್ತಿರಕ್ಕೆಳೆದು ತೋರಿಸುತ್ತದೆ ಎಂದರು. "ನನ್ನ ಮೀನು ಓಡಿಹೋಗುವುದಿಲ್ಲ" ಎಂದಳು ಸುಗಂಧಿ. ಅದರಲ್ಲಿ ಎರಡು ಬಂಗುಡೆಯೂ ಒಂದೇ ತಾಯಿಯ ಮಕ್ಕಳಂತೆ ಹೊಳೆದವು.

ಎರಡನೆಯದರ ಮೇಲೆ ಅವಳಿಗೆ ಮನಸ್ಸಾಯಿತು. ಕೆಂಪು ಬಣ್ಣ, ಗಟ್ಟಿ ಮೈ.

"ಇದು ನೀರಿಗೆ ಬಿದ್ದರೂ ಹಾಳಾಗುವುದಿಲ್ಲ."

"ನಳ್ಳಿ ನೀರಿನ ಅಡಿಯಲ್ಲಿ ತೊಳೆಯಬಹುದಾ?"

"ಧಾರಾಳ."

ಮೀನು ಮಾರುವವಳಿಗೆ ಇನ್ನೇನು ಬೇಕು! ಸುಗಂಧಿ ಅದನ್ನು ಸೆರಗಿನಿಂದ ಒರೆಸಿ, ಕೈಯಲ್ಲಿ ತೂಗಿ ನೋಡಿದಳು. ಆದರೆ ಅದರ ಫೋಟೋದಲ್ಲಿ ನಿನ್ನೆಯ ಬಂಗುಡೆ ಕಣ್ಣು ಮಿಟುಕಿಸುವಂತಿತ್ತು. ಬೆಂಜಮಿನ್ ಸೆಟ್ಟಿಂಗ್ ತಿರುಗಿಸಿ ಮೂರು ಸಲ ತೆಗೆದರು. ಮೂರು ಸಲವೂ ಅವಳು ಇವತ್ತಿನದ್ದನ್ನೇ ನಿನ್ನೆಯದ್ದೆಂದಳು.

"ಅದನ್ನೇ ತೆಗೆದುಕೊಳ್ಳಮ್ಮ. ಹದಿನೈದು ವರ್ಷ ಬಾಳಿಕೆ ಬರುತ್ತದೆ" ಎಂದಳು ಮೋಕ್ಷಾ.

ಸುಗಂಧಿ ಕ್ಯಾಮೆರಾವನ್ನು ಕೂಡಲೇ ಕೆಳಗಿಡಲಿಲ್ಲ. ಇಟ್ಟ ಮೇಲೂ ಒಂದು ಬೆರಳು ಅದರ ಮೇಲೇ ಇತ್ತು.

"ಹದಿನೈದು ವರ್ಷ ಸುಳ್ಳು ಹೇಳುತ್ತದಲ್ಲ ಮಗಾ."

ಮೂರನೆಯದನ್ನು ಬೆಂಜಮಿನ್ ಹಿಂದಿನ ಕಪಾಟಿನಿಂದ ತಂದರು. ಬೂದು ಬಣ್ಣದ, ಪೆಟ್ಟಿಗೆಯಂಥ ಸಾದಾ ಕ್ಯಾಮೆರಾ, ಹೊಸತಾದರೂ ಯಾರೂ ಕೊಂಡಿರಲಿಲ್ಲ. ನೀರು ತಾಗಬಾರದೆಂದು ಮೊದಲೇ ಎಚ್ಚರಿಸಿದರು. ಫೋಟೋ ತೆಗೆದು ತಾವೇ ಮೊದಲು ನೋಡಿದರು. ಸುಗಂಧಿ ತಿರುಗುವ ಮೊದಲೇ ಅವರ ಬಾಯಿಂದ ಮಾತು ಬಂತು.

"ಎಡಗಡೆಯದ್ದು ನಿನ್ನೆಯದ್ದಲ್ವಾ?"

ಸುಗಂಧಿ ಬಗ್ಗಿ ನೋಡಿದಳು. ಎಡಗಡೆಯ ಮೀನಿನ ಕಣ್ಣಿನಲ್ಲಿ ಆ ಮಂಕು ಇತ್ತು. "ಇದೇ ಕೊಡಿ" ಎಂದಳು. ಒದ್ದೆ ಕೈಯನ್ನು ಪ್ರತಿಸಲ ಒರೆಸಿಕೊಂಡರೆ ಆಯಿತು. ಇವತ್ತಿನ ಬಂಗುಡೆಯನ್ನು ಬೆಂಜಮಿನ್ನರಿಗೇ ಬಿಟ್ಟು ಹೊರಟಳು.

ಸೋಮವಾರ ಮಲ್ಪೆಯಲ್ಲಿ ಹೊಸ ಮೀನು ಕಡಿಮೆ. ಉಳಿದಿದ್ದ ಬಂಗುಡೆಯ ಫೋಟೋವನ್ನು ಸುಗಂಧಿ ಕೈ ಒರೆಸಿಕೊಂಡು ತೆಗೆದಳು, ಮೋಕ್ಷಾ ಏನೂ ಬರೆಯದೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಶಾರ್ಲೆಟ್ ಟೀಚರ್‌ದು. 'ನಿನ್ನೆಯದ್ದು ಕಾಣುತ್ತದೆ. ಇವತ್ತು ಬೇಡ, ನಾಳೆ ಬಾ' ಅಂತ ಉಂಟು." ಮೋಕ್ಷಾಳ ಮುಖ ಸಪ್ಪಗಾಯಿತು. "ಈ ಕ್ಯಾಮೆರಾದಿಂದ ವ್ಯಾಪಾರ ಹೋಯ್ತಲ್ಲ ಅಮ್ಮ."

"ಇನ್ನೊಮ್ಮೆ ಓದು" ಎಂದಳು ಸುಗಂಧಿ. ಮೋಕ್ಷಾ ಓದಿದಳು. ಮತ್ತೊಮ್ಮೆಯೂ ಓದಿಸಿಕೊಂಡು ಸುಗಂಧಿ ಬುಟ್ಟಿಯ ಪಕ್ಕ ಕುಳಿತು ನಕ್ಕಳು.

ಮರುದಿನ ಹೊಸ ಬಂಗುಡೆ ಬಂದಿತ್ತು. ಕಲ್ಯಾಣಪುರದ ಗೇಟಿನಲ್ಲಿ ಶಾರ್ಲೆಟ್ ಟೀಚರ್ ಪಾತ್ರೆ ಮುಂದೆ ಹಿಡಿದು, "ಮೊಣಕಾಲು ಹೇಗುಂಟು?" ಎಂದು ವಿಚಾರಿಸಿದರು. ಸುಗಂಧಿ ಹನ್ನೆರಡು ಬಂಗುಡೆಯನ್ನು ಒಂದೊಂದಾಗಿ ಪಾತ್ರೆಗೆ ಹಾಕಿದಳು, ಬೇಕೆಂದೇ ನಿಧಾನವಾಗಿ. ಟೀಚರ್ ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳುತ್ತ, ಪಾತ್ರೆಯತ್ತ ನೋಡದೆಯೇ ಒಳಗೆ ನಡೆದರು.