ಬಿಸ್ಕತ್ತು ಡಬ್ಬಿಯ ಹದಿನಾರು ಗೇಟ್ ಪಾಸ್‌ಗಳು

ಎರಡು ವರ್ಷಗಳ ಹಿಂದಿನ ಮಾತು. ಉದ್ಯೋಗ ವಿನಿಮಯ ಕಚೇರಿಯ ಅಧೀಕ್ಷಕನಾಗಿ ನಿವೃತ್ತನಾದ ಮೇಲೆ ಮಧುಗಿರಿಯ ನನ್ನ ಮನೆಯಲ್ಲಿ, ಕೆಲಸ ಹುಡುಕುವವರ ಅರ್ಜಿಗಳನ್ನು ತಿದ್ದಿಕೊಡುತ್ತಿದ್ದೆ. ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ತಿರುಮಣಿಯ ನಾಗರತ್ನ ಬಂದರು, ವಯಸ್ಸು ಮೂವತ್ತನಾಲ್ಕು. ಕೈಯಲ್ಲಿ ಪತ್ರಿಕೆಯ ತುಣುಕು: ಸೌರ ಘಟಕವೊಂದಕ್ಕೆ ಸ್ವಚ್ಛತಾ ಮೇಲ್ವಿಚಾರಕರು ಬೇಕು. ಪಿಯುಸಿ, ಕನ್ನಡ ಮತ್ತು ತೆಲುಗು, ಮೂರು ವರ್ಷಗಳ ಅನುಭವಕ್ಕೆ ದಾಖಲೆ. ಇ-ಮೇಲ್ ತಲುಪಲು ಅಂದೇ ಸಂಜೆ ಐದರ ಗಡುವು.

ಸೈಬರ್ ಸೆಂಟರ್‌ನವನು ಬರೆದುಕೊಟ್ಟಿದ್ದ ಅರ್ಜಿ ‘ತೀರಾ ಬಡವರು’ ಎಂದು ಆರಂಭವಾಗಿ ಊರ ಮುಖಂಡರ ಶಿಫಾರಸು ಪತ್ರದಲ್ಲಿ ಮುಗಿದಿತ್ತು. ಪಿಯುಸಿ, ಎರಡೂ ಭಾಷೆ ಅದರಲ್ಲಿದ್ದವು; ವೃತ್ತಿ ಎಂಬಲ್ಲಿ ‘ಗೃಹಿಣಿ’.

“ಇದುವರೆಗೆ ಏನು ಕೆಲಸ ಮಾಡಿದ್ದೀರಮ್ಮ?”

“ಏನೂ ಇಲ್ಲ ಸಾರ್. ನಾಕು ವರ್ಷದಿಂದ ಸೋಲಾರ್ ಪ್ಯಾನೆಲ್ ತೊಳೀತೀನಿ. ಕೂಲಿ. ಅದುನ್ನೆಲ್ಲ ಬರೀತಾರಾ?”

ನಾನು ಎದ್ದು ನಿಂತೆ. ಜಾಹೀರಾತು ಕೇಳಿದ್ದರಲ್ಲಿ ಉಳಿದಿದ್ದು ಅದೊಂದೇ. ಅರ್ಜಿ ಮುಚ್ಚಿಟ್ಟಿದ್ದೂ ಅದೊಂದನ್ನೇ. ಹೇಗೆ ತೊಳೆಯುತ್ತೀರಿ ಎಂದು ಕೇಳಿದೆ.

“ಬಿಸ್ಲು ಏರಿದ್ಮೇಲೆ ನೀರು ಬುಟ್ರೆ ಗಾಜು ಸೀಳ್ಬುಡುತ್ತೆ. ಬೋರ್ ನೀರು ಅಂಗೇ ಒಣಗುದ್ರೆ ಬಿಳೀ ಕಲೆ ಕೂತ್ಕಂತದೆ, ಕರೆಂಟ್ ಕಮ್ಮಿ ಆಗುತ್ತೆ.” ಹನ್ನೊಂದು ಹೆಂಗಸರ ತಂಡಕ್ಕೆ ಆಕೆಯೇ ಮೇಸ್ತ್ರಿ. “ಮುಂದಿನ ತಿಂಗಳು ತೊಳೆಯೋಕೆ ಮಿಷನ್ ಬತ್ತದೆ ಸಾರ್. ಇದು ಸಿಗಲಿಲ್ಲ ಅಂದ್ರೆ ಮಗಳನ್ನ ಅತ್ತೆ ತಾವ ಬುಟ್ಟು ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗ್ಬೇಕು.”

ಅನುಭವ ಪತ್ರಕ್ಕಾಗಿ ಆಕೆಯ ಗುತ್ತಿಗೆದಾರನಿಗೆ ನಾನೇ ಫೋನ್ ಮಾಡಿದೆ.

“ಕೂಲಿಯೋರ್ಗೆ ಎಂಥಾ ಎಕ್ಸ್‌ಪೀರಿಯನ್ಸ್ ಲೆಟ್ರು ಯಜಮಾನ್ರೇ? ನಾಳೆ ಪೊರಕೆಗೂ ಒಂದು ಕೇಳ್ತೀರಿ.”

ಮೂವತ್ತೊಂದು ವರ್ಷಗಳ ಸೇವೆಯಲ್ಲಿ ನನ್ನೊಡನೆ ಹೀಗೆ ಮಾತನಾಡಿದವರು ಮೂವರು. ಮೂವರ ಹೆಸರೂ ನೆನಪಿದೆ. ಇವನು ನಾಲ್ಕನೆಯವನು.

“ಘಟಕದ ಒಳಗೆ ಹೋಗಲು ಏನು ತೋರಿಸುತ್ತೀರಿ?” ಎಂದು ನಾಗರತ್ನರನ್ನು ಕೇಳಿದೆ.

“ಗೇಟ್ ಪಾಸು. ಮೂರು ತಿಂಗ್ಳಿಗೊಂದು ಹೊಸದು.”

“ಹಳೆಯವು?”

“ನನ್ ಫೋಟೋ ಇರೋದ ಹೆಂಗೆ ಬಿಸಾಕೋದು ಸಾರ್? ಬಿಸ್ಕತ್ತು ಡಬ್ಬೀಲವೆ.”

ಅತ್ತೆಯ ಫೋನಿಗೆ ಕ್ಯಾಮೆರಾ ಇರಲಿಲ್ಲ. ಡಬ್ಬಿಯನ್ನೇ ಕಳಿಸುವಂತೆ ನಾಗರತ್ನ ಅತ್ತೆಗೆ ಫೋನಿನಲ್ಲಿ ತೆಲುಗಿನಲ್ಲಿ ಅವಸರವಸರವಾಗಿ ಹೇಳಿದರು. ಅತ್ತೆ ಡಬ್ಬಿಯನ್ನು ಖಾಸಗಿ ಬಸ್ಸಿನ ಕಂಡಕ್ಟರ್ ಕೈಗಿತ್ತರು. ಇತ್ತ ನಾನು ಹೊಸ ಅರ್ಜಿ ಟೈಪ್ ಮಾಡಿದೆ: ಎಡಕ್ಕೆ ಜಾಹೀರಾತು ಕೇಳಿದ್ದು, ಬಲಕ್ಕೆ ಆಕೆ ಮಾಡಿದ್ದು. ಶಿಫಾರಸು ಪತ್ರವನ್ನು ತೆಗೆದಿಟ್ಟೆ.

ಎರಡೂವರೆಗೆ ಮಧುಗಿರಿ ನಿಲ್ದಾಣಕ್ಕೆ ಬರಬೇಕಾದ ಬಸ್ಸು ಬಂದದ್ದು ಮೂರು ಐವತ್ತಕ್ಕೆ.

“ತಗಳವ್ವ ನಿನ್ ಆಸ್ತಿ,” ಎಂದ ಕಂಡಕ್ಟರ್. “ಸೀಟ್ ಕೊಟ್ಟು ಕೂರಿಸ್ಕಂಡು ಬಂದಿವ್ನಿ.”

ಡಬ್ಬಿಯಲ್ಲಿ ಹದಿನಾರು ಪಾಸ್‌ಗಳಿದ್ದವು. ಪ್ರತಿಯೊಂದರಲ್ಲೂ ಹೆಸರು, ಫೋಟೋ, ದಿನಾಂಕ, ಮೊಹರು. ನಾಲ್ಕು ವರ್ಷಗಳ ದಿನಾಂಕಗಳಲ್ಲಿ ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ನಾಲ್ಕು ಸಾಲಿನಲ್ಲಿ ಜೋಡಿಸಿ ಸ್ಕ್ಯಾನ್ ಮಾಡಿದೆ. ನಾಲ್ಕು ನಲವತ್ತೊಂದಕ್ಕೆ ಅರ್ಜಿ ಹೊರಟಿತು.

ಒಂಬತ್ತನೇ ದಿನ ಸಂದರ್ಶನ. ಮಿಷನ್ ಬಂದ ಮೇಲೆ ನಿಮ್ಮ ಕೆಲಸವೇನು ಎಂದು ಕೇಳಿದರಂತೆ. ಈಕೆ ಹೇಳಿದ್ದು: “ತೊಳೆಯೋದು ಅದು ಸಾರ್. ತೊಳೆದೈತೋ ಇಲ್ವೋ ಅಂತ ನೋಡೋಳು ನಾನು.” ಅಂದು ಸಂಜೆಯೇ ಆಯ್ಕೆಯ ಕರೆ ಬಂತು.

ಜಾಹೀರಾತು ನಮ್ಮ ಕಷ್ಟ ಕೇಳುವುದಿಲ್ಲ, ಕೆಲಸ ಕೇಳುತ್ತದೆ. ಸೇವೆಯುದ್ದಕ್ಕೂ ನೂರಾರು ಜನರಿಗೆ ಹೇಳಿದ್ದ ಈ ಮಾತು ನನಗೇ ಪೂರ್ತಿ ಅರ್ಥವಾದದ್ದು ಆ ಡಬ್ಬಿ ತೆರೆದಾಗ.

ಎರಡು ತಿಂಗಳ ಬಳಿಕ ನಾಗರತ್ನ ಒಂದು ಲಕೋಟೆ ತಂದರು. ತಂಡದ ಹನ್ನೊಂದು ಹೆಂಗಸರಿಗೂ ಅನುಭವ ಪತ್ರಗಳು. ಒಕ್ಕಣೆ ಆಕೆಯದು, ಸಹಿ ಅದೇ ಗುತ್ತಿಗೆದಾರನದು. ಆ ಘಟಕದ ತೊಳೆಯುವ ಗುತ್ತಿಗೆಯೂ ಅವನದೇ; ಅವನ ಕೆಲಸ ಸರಿಯಿದೆಯೆಂದು ಈಗ ಹೇಳಬೇಕಾದವರು ಆಕೆಯೇ.

ಪೊರಕೆಗೊಂದು ಪತ್ರವನ್ನು ನಾವಿನ್ನೂ ಕೇಳಿಲ್ಲ.