ಕೈಯಲ್ಲಿ ಹೊಕ್ಕ ನಳಿಗೆ, ನಾಲಿಗೆಗೆ ಬಂದ ಕುತ್ತು

ಗಂಟೆಯಣ್ಣನ ತಾತ ಡಂಗುರ ಸಾರುತ್ತಿದ್ದವನು. ಬೆಂಕಿ, ನೆರೆ, ಸಾವು ಎಲ್ಲವೂ ಊರಿಗೆ ಮೊದಲು ಅವನ ಬಾಯಿಂದಲೇ ತಿಳಿಯುತ್ತಿದ್ದವು. ಅಪ್ಪ ಸಗಟು ಮಾರುಕಟ್ಟೆಯಲ್ಲಿ ಬಾಯಿಬಿಟ್ಟು ಹರಾಜು ಕೂಗಿ, ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವ ಚಾಳಿಗೆ ಬೀಗ ಜಡಿದವನು. ಮೊಮ್ಮಗನಿಗೆ ಬಂದ ಆಸ್ತಿ ಗಂಟಲೊಂದೇ. ಅವನು ಈರುಳ್ಳಿ ರಾಶಿಯ ಮುಂದೆ ಕೂಗಿದರೆ ಗೇಟಿನಾಚೆಯ ಲಾರಿ ಡ್ರೈವರಿಗೂ ಬೆಲೆ ಗೊತ್ತಾಗುತ್ತಿತ್ತು. ಅದಕ್ಕೇ ಆ ಹೆಸರು.

ಈಚೆಗೆ ಮೆಟ್ಟಿಲು ಹತ್ತುವಾಗ ಅವನಿಗೆ ಎದೆ ಹಿಡಿಯತೊಡಗಿತು. ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ ಹೃದಯ ನೋಡಬೇಕು, ಮಣಿಕಟ್ಟಿನಿಂದ ಹೋಗೋಣ ಎಂದರು ಡಾಕ್ಟರಮ್ಮ. ಅಪರೂಪಕ್ಕೊಮ್ಮೆ ನಾಳದ ಗೋಡೆಗೆ ಅಂಟಿದ ಕೊಬ್ಬಿನ ಹಕ್ಕಳೆ ಕಳಚಿ ಮಿದುಳಿಗೆ ಹೋಗಬಹುದು, ಪಾರ್ಶ್ವವಾಯು ಹೊಡೆದು ಮಾತು ನಿಲ್ಲಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಗಂಟೆಯಣ್ಣನಿಗೆ ಎದೆನೋವು ಮರೆತೇಹೋಯಿತು.

“ಹಂಗಾದ್ರೆ ತೊಡೆಸಂದಿಯಿಂದ ಹೋಗಿ ತಾಯಿ. ಬಾಯಿಗೆ ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು.”

“ಯಾವ ಬಾಗಿಲಿಂದ ಬಂದ್ರೂ ಹೃದಯದ ಹತ್ರದ ದೊಡ್ಡ ನಾಳಕ್ಕೆ ಬರಲೇಬೇಕು ಯಜಮಾನ್ರೇ. ತಲೆಗೆ ಹೋಗೋ ದಾರಿ ಕವಲೊಡೆಯೋದು ಅಲ್ಲೇ. ಆ ಅಪಾಯ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಕೈಯಲ್ಲಾದ್ರೆ ರಕ್ತ ಹೋಗೋದು ಕಮ್ಮಿ, ಬೇಗ ಎದ್ದು ಓಡಾಡಬಹುದು.”

“ಒಪ್ಕೋ ಅಪ್ಪಾ,” ಎಂದಳು ಜೊತೆಗೆ ಬಂದಿದ್ದ ಮಗಳು. “ಇದೇನು ಈರುಳ್ಳೀನಾ, ಚೌಕಾಸಿ ಮಾಡೋಕೆ?”

“ಈರುಳ್ಳಿ ಕೊಳೆತ್ರೆ ಬೇರೆ ಚೀಲ ತರಬಹುದು ಕಣೇ,” ಎಂದು ಬಲಗೈ ಚಾಚಿದ.

ನಳಿಗೆ ಒಳಹೊಕ್ಕಾಗಲೂ ಎಚ್ಚರವಾಗಿಯೇ ಮಲಗಿದ್ದ. “ಈರುಳ್ಳಿ ಎಷ್ಟಕ್ಕೆ ನಿಂತಿದೆ ಈಗ?” ಎಂದು ಡಾಕ್ಟರಮ್ಮ ಮಾತಾಡಿಸಿದರು. ಬೆಲೆ ಹೇಳಲು ಬಾಯಿ ತೆರೆದರೆ ತುಟಿ ಒಂದು ಕಡೆ ಜಾರಿತು. ನಾಲಿಗೆ ನೆಂದ ಬಟ್ಟೆಯಂತೆ ಹೊರಳಿತು. ನಳಿಗೆ ಹೊರತೆಗೆದು, ತಲೆಯ ಸ್ಕ್ಯಾನ್ ಮಾಡಿಸಿ, ಔಷಧಿ ಏರಿಸಿದರು. ತಡವಾಗಲಿಲ್ಲ, ಅದೇ ಪುಣ್ಯ. ತುಟಿ ನೆಟ್ಟಗಾಯಿತು, ಮಾತು ಮರಳಿತು. ಸಂಖ್ಯೆಗಳು ಮಾತ್ರ ಕರೆದ ಹೊತ್ತಿಗೆ ಬರುತ್ತಿರಲಿಲ್ಲ. ಎದೆಯ ವಿಷಯ ಸದ್ಯಕ್ಕೆ ಮಾತ್ರೆಯ ಮೇಲೆ ನಿಂತಿತು.

“ಕೈಯಿಂದ ಬೇಡ ಅಂದಿದ್ನಲ್ಲೇ,” ಎಂದು ಮಗಳ ಮೇಲೆ ಹರಿಹಾಯ್ದ. ತೊಡೆಯಿಂದ ಹೋಗಿದ್ದರೆ ಆಗುತ್ತಿರಲಿಲ್ಲ ಎಂದು ಯಾರಿಗೆ ಗೊತ್ತು? ಅವನು ಮತ್ತೆ ಹರಾಜಿಗೆ ಹೊರಟ ದಿನ ಮಗಳೂ ಜೊತೆಗೆ ಹೊರಟಳು.

ರಾಶಿಯ ಮುಂದೆ ಕೂಗು ಏರಿತು, ಮುಂದಿನ ಸಂಖ್ಯೆ ಬಾಯಿಗೆ ಬಾರದೆ ನಡುವೆ ಕಡಿಯಿತು. ಹಳೇ ವ್ಯಾಪಾರಿಗಳು ನೆಲ ನೋಡಿದರು. “ದಲ್ಲಾಳಿಗಳಿಗೆ ಮತ್ತೆ ಟವೆಲ್ ಕೊಡಿಸ್ರಪ್ಪ,” ಎಂದ ಹಿಂದಿನಿಂದ ಒಬ್ಬ. ಮಗಳು ಮುಂದಿನ ಬೆಲೆ ಪಿಸುಗುಟ್ಟಲು ಕಿವಿಯ ಬಳಿ ಬಾಗಿದಳು. ಅವನು ಅವಳ ಬಾಯಿಗೆ ಕೈ ಅಡ್ಡ ಹಿಡಿದ.

“ನೀನು ಹೇಳ್ಬೇಡ ಮಗಳೇ. ನೀನು ಹೇಳಿದ್ದನ್ನ ನಾನು ಕೂಗಿದ್ರೆ ಅದು ನಿನ್ನ ಹರಾಜು. ತಡವಾದ್ರೂ ಬೆಲೆ ನನ್ನ ಬಾಯಿಗೇ ಬರಲಿ. ಬೇಕಾದವರು ಕಾದು ನಿಲ್ಲಲಿ, ಬೇಡದವರು ಹೋಗಲಿ.”